ಗುಂಡಿ ತೋಡಿ ಗುಂಡಿ ತಗದ ಕಥಿ

ಹೊಲದಾಗ ನನಗ ಸಿಕ್ಕಿದ್ದ ಹಳೇ ಹಿತ್ತಾಳಿ ಗುಂಡಿನ್ನ ನಮ್ಮವ್ವ ಹುಣಸಿಹಣ್ಣು ಹಚ್ಚಿ ತಿಕ್ಕಿ ಇಟ್ಟಿದ್ಲು. ದೇವರ ಜಗಲಿ ಮ್ಯಾಗ, ಆರತಿ ತಟ್ಟಿ ಬಾಜೂಕ, ಲಕಲಕ ಹೊಳ್ಯಾಕತ್ತಿತ್ತು. ನಾ ನೋಡಿ ಅಲ್ಲೇ ಕುಂತ್ಬಿಟ್ನಿ.

"ಏನ್ ಮಾಡಿದಿಬೇ ಯವ್ವಾ" ಅಂದ್ನಿ. "ಕಿಲುಬು ಹಿಡಿದಿತ್ತಲೋ, ಹಿತ್ತಲದಾಗ ಬಟ್ಟಲದಾಗ ನೀರಾಗ ಬಿದ್ದಿತ್ತು, ಸಮಯಿ ತೊಳಿಯೂದಿತ್ತು, ಅದರ ಜೋಡಿ ಇದನ್ನೂ ಒಂದೀಟ ಬೂದಿ ಹಾಕಿ ತಿಕ್ಕಿದ್ನಿ, ಛಂದ ಆತಲ್ಲ ಈಗ" ಅಂದ್ಲು. ಛಂದ ಆಗೇತಿ ಖರೇ. ಆದ್ರ ಅದರ ಹಿಂದ, ದಾರ ಹಾಕೋ ಕೊಂಡಿ ಸುತ್ತ, ನಾ ಎರಡು ದಿನ ನೀರಾಗ ನೆನಿ ಹಾಕಿ ಕಡ್ಡಿ ತುದೀಲೆ ಮಣ್ಣು ಬಿಡಿಸಿ ಓದಿದ್ದ ಅಕ್ಷರ ಇದ್ವು, ಟ್ರೆಬಲ್ ಗಿಲ್ಟ್ ಅಂತ, ಆ ಅಕ್ಷರದ ಸಂದ್ಯಾಗ ಬಂಗಾರದ ನೀರು ಇನ್ನೂ ಉಳಿದಿತ್ತು. ಈಗ ಅಕ್ಷರ ಅರ್ಧ ಅದಾವ, ಬಂಗಾರ ಹುಣಸಿಹಣ್ಣಿನ ಜೋಡಿ ಬಚ್ಚಲದಾಗ ಹೋಗೇತಿ.

ಅವ್ವಂದು ತಪ್ಪಿಲ್ರಿ. ಹಿತ್ತಾಳಿ ಕಂಡ್ರ ತಿಕ್ಕಬೇಕು ಅನ್ನೂದು ನಮ್ಮ ಮನ್ಯಾಗ ಧರ್ಮ. ತಪ್ಪು ನಂದು, ನೀರಾಗ ಹಾಕಿ ಹೇಳದ ಅಂಗಡಿಗೆ ಹೋದ್ನೆಲ್ಲ.

ಮದ್ಲ ಒಂದು ಮಾತು ಹೇಳಿಬಿಡ್ತೀನಿ, ಇಲ್ಲಾಂದ್ರ ಓದಾವ್ರಿಗೆ ಗೊಂದಲ ಆಕ್ಕೈತಿ. ಗುಂಡಿ ಅಂದ್ರ ಅಂಗಿ ಗುಂಡಿನೂ ಹೌದು, ನೆಲದಾಗಿನ ಗುಂಡಿನೂ ಹೌದು. ನಾ ಮಾಡೂದು ಎರಡೂ, ಗುಂಡಿ ತೋಡಿ ಗುಂಡಿ ತಗಿಯೂದು. ನಮ್ಮ ಹುಬ್ಬಳ್ಳಿ ಮಂದಿಗೆ ರಸ್ತೆದಾಗಿನ ತಗ್ಗು ಗುಂಡಿ ಬಗ್ಗೆ ಬ್ಯಾರೆ ಹೇಳೂದು ಬ್ಯಾಡ, ಅದರ ಬಗ್ಗೆ ಬರದ್ರ ಬ್ಯಾರೆ ಬ್ಲಾಗ್ ಬೇಕಾಕ್ಕೈತಿ.

ನಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರು, ಗಿರಣಿ ಮೋಟಾರು, ಸುಟ್ಟದ್ದು ಬರ್ತಾವ, ಕಟ್ಟಿ ಕೊಡೂದು. ದಿನಾ ತಾಮ್ರದ ತಂತಿ ಸುತ್ತಾವಗ ಮೆಟಲ್ ಡಿಟೆಕ್ಟರ್ ಅಂದ್ರ ಮತ್ತೊಂದು ತಂತಿ ಸುತ್ತಿದ ರಿಂಗ್ ಅಷ್ಟ. ಬೆಂಗಳೂರಿನ ಗೆಳೆಯಾ ಒಬ್ಬ ತರಿಸಿಕೊಂಡಿದ್ದ, ಗ್ಯಾರೆಟ್ ಏಸ್ 250, ಅವಗ ಎರಡು ತಿಂಗಳದಾಗ ಬ್ಯಾಸರ ಆತು, ನಾ ಸೆಕೆಂಡ್ ಹ್ಯಾಂಡ್ ತಗೊಂಡ್ನಿ. ಒಳಗಿನ ಲೆಕ್ಕ ಸೀದಾ ಐತಿ. ಒಂದು ಕಾಯಿಲ್ ಕರೆಂಟ್ ಬಿಟ್ಟು ಅಯಸ್ಕಾಂತದ ಅಲಿ ಎಬ್ಬಸ್ತೈತಿ, ಏಸ್ 250 ಸೆಕೆಂಡಿಗೆ 6,500 ಸಲ, ನೆಲದಾಗ ಲೋಹ ಇದ್ರ ಅದರಾಗ ಎಡ್ಡಿ ಕರೆಂಟ್, ಅಂದ್ರ ಸುಳಿಯಂಗ ತಿರಗೋ ಕರೆಂಟ್ ಹುಟ್ಟತೈತಿ, ಅದು ತಿರಗಿ ಕೂಗಿದ್ದನ್ನ ಇನ್ನೊಂದು ಕಾಯಿಲ್ ಕೇಳಿಸ್ಕೊಂತೈತಿ. ಟ್ರಾನ್ಸ್‌ಫಾರ್ಮರ್ ಕೋರ್‌ನಾಗ ಈ ಎಡ್ಡಿ ಕರೆಂಟ್ ಬರಬಾರ್ದು ಅಂತ ನಾವು ತೆಳ್ಳನ ಸ್ಟ್ಯಾಂಪಿಂಗ್ ಪಟ್ಟಿ ಜೋಡಿಸ್ತೀವಲ್ಲ, ಜೀವಮಾನ ಪೂರ್ತಿ ಯಾವುದನ್ನ ತಡ್ಯಾಕ ದುಡಿದ್ನೋ ಅದನ್ನ ಐತವಾರ ಹೊಲದಾಗ ಹುಡುಕ್ಕೊಂತ ತಿರಗ್ತೀನಿ.

ಹೊಲ ನಮ್ಮ ಸೋದರಮಾವಂದು, ಅಣ್ಣಿಗೇರಿ ಹತ್ರ, ಹುಬ್ಬಳ್ಳಿ-ಗದಗ ರೈಲ್ವೆ ಲೈನಿಗೆ ಒಂದು ಬದು ಹತ್ತೇತಿ. ಅಪ್ಪಟ ಎರಿ ಭೂಮಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡ್ಲಿ, ಜ್ವಾಳ, ನಡುನಡುವ ಮೆಣಸಿನಕಾಯಿ. ಕಡ್ಲಿ ಕಿತ್ತಮ್ಯಾಲೆ ಫೆಬ್ರುವರಿಯಿಂದ ಮೇ ತನಕ ಹೊಲ ಖಾಲಿ, ಅದ ನನ್ನ ಸೀಸನ್. ಅದೂ ಪೂರ್ತಿ ಇಲ್ರಿ, ಯಾಕಂದ್ರ ಬ್ಯಾಸಗ್ಯಾಗ ಎರಿ ಮಣ್ಣು ಕಲ್ಲಾಗಿರ್ತೈತಿ, ಕೈ ಹಾಕುವಷ್ಟು ಬಿರುಕು ಬಿಡ್ತೈತಿ, ಸಣ್ಣ ಸಲಿಕಿ ಹೊಡದ್ರ ಠಣ್ ಅಂತ ತಿರಗಿ ಬರ್ತೈತಿ. ಮಳಿ ಜೋರ ಆತಂದ್ರ ಕಾಲಿಗೆ ಐದು ಕಿಲೋ ಮಣ್ಣು. ಒಂದು ಅಡ್ಡಮಳಿ ಬಿದ್ದು ಎರಡು ದಿನ ಬಿಸಲ ಬಿದ್ದಿರಬೇಕು, ಆವಾಗ ನೆಲ ಹದಾ ಇರ್ತೈತಿ, ಮಷಿನ್ ದನಿನೂ ಖಡಕ್ ಇರ್ತೈತಿ.

ಮದ್ಲ ವರ್ಷ ನಾ ಶ್ಯಾಣ್ಯಾ ಆಗಿ ಪುಸ್ತಕದಾಗ ಬರಕೊಂತ ಹೋಗಿದ್ನಿ, ಈ ಗುಂಡಿ ಮೂರು ಇಂಚು ಕೆಳಗ, ಇದು ಆರು ಇಂಚು ಕೆಳಗ, ಅಂದ್ರ ಆರು ಇಂಚಿಂದು ಹಳೇದು ಅಂತ. ಸುಳ್ಳು! ಎರಿ ಭೂಮ್ಯಾಗ ಹಂಗ ಇರಂಗಿಲ್ಲ. ಮಣ್ಣು ಒಣಗಿ ಬಿರಕ್ತೈತಿ, ಮ್ಯಾಗಿನ ಪುಡಿ, ಹಳ್ಳು, ಗುಂಡಿ, ಎಲ್ಲಾ ಆ ಬಿರಕಿನಾಗ ಬೀಳ್ತಾವ, ಮಳಿ ಬಂದಾಗ ಮಣ್ಣು ಉಬ್ಬಿ ಒಳಗಿಂದನ್ನ ಮ್ಯಾಲೆ ದಬ್ತೈತಿ, ಹಿಂಗ ವರ್ಷಾ ತಾನ ತಾನ ಹೊರಳಾಡತೈತಿ ಭೂಮಿ. ಒಂದು ಗೇಣು ಕೆಳಗಿಂದ ನಾ 1990ರ ಮ್ಯಾಲಿನ ರೂಪಾಯಿ ತಗದೇನಿ, ಎರಡು ಇಂಚಿನಾಗ ಬ್ರಿಟಿಷರ ಕಾಲದ ಗುಂಡಿ ತಗದೇನಿ. ಹಂಗಾಗಿ ಆಳ ನೋಡಿ ವಯಸ್ಸು ಹೇಳೂದು ಬಿಟ್ನಿ.

ಊರಿಂದ ಅಷ್ಟು ದೂರ ಹೊಲದಾಗ ಗುಂಡಿ ಯಾಕ ಸಿಗ್ತಾವ ಅನ್ನೂದಕ್ಕ ಉತ್ತರ ಮಾಮಾ ಹೇಳಿದ, ಒಂದ ಮಾತಿನಾಗ: "ತಿಪ್ಪಿ". ಮನಿ ಕಸಾ, ಬೂದಿ, ಸಗಣಿ, ಹರಕು ಬಟ್ಟಿ, ಎಲ್ಲಾ ತಿಪ್ಪಿಗೆ, ತಿಪ್ಪಿ ಚಕ್ಕಡ್ಯಾಗ ಹೊಲಕ್ಕ. ಬಟ್ಟಿ ಕೊಳೀತೈತಿ, ಗುಂಡಿ ಉಳೀತೈತಿ. ನೂರಾರು ವರ್ಷದ ಊರಿನ ಅಂಗಿ ಕೋಟು ಎಲ್ಲಾ ಗೊಬ್ಬರ ಆಗಿ ಜ್ವಾಳ ಆಗಿ ನಮ್ಮ ಹೊಟ್ಟಿಗೇ ಬಂದಾವ, ಗುಂಡಿ ಅಷ್ಟ ಹೊಲದಾಗ ಕುಂತಾವ. ಇನ್ನೊಂದು ಜಾಗಾ ಅಂದ್ರ ಬಟ್ಟಿ ಒಗಿಯೋ ಕಲ್ಲಿನ ಸುತ್ತಮುತ್ತ, ಎತ್ತಿ ಎತ್ತಿ ಬಡದಾಗ ಗುಂಡಿ ಹಾರಲಾರದ ಇರ್ತಾವೇನ್ರಿ. ಮಾಮಾನ ಬಾವಿ ಕಟ್ಟಿ ಬಾಜೂಕ ಒಂದ ಕಡೆ ಐದು ಸಿಕ್ಕಾವ.

ಅಷ್ಟಾದ್ರೂ ಲೆಕ್ಕಕ್ಕ ಭಾಳ ಕಡಿಮಿ ಸಿಗ್ತಾವ, ಯಾಕಂದ್ರ ನಮ್ಮ ಹಿರ್ಯಾರು ಗುಂಡಿ ಹಾಕಿದ್ದ ಕಡಿಮಿ. ನಮ್ಮಜ್ಜ ಹಾಕ್ತಿದ್ದದ್ದು ಕಸಿ ಅಂಗಿ, ದಾರದ ಕಸಿ ಕಟ್ಟಿದ್ರ ಮುಗೀತು. ಗೌಡ್ರು, ಸಾವಕಾರ್ರು ಬೆಳ್ಳಿ ಸರಪಳಿ ಗುಂಡಿ ಹಾಕ್ತಿದ್ರು, ಆದ್ರ ಅವು ಹೊಲದಾಗ ಸಿಗೂದಿಲ್ರಿ, ಅಂಗಿ ಅಗಸರಿಗೆ ಕೊಡಾಕಿಂತ ಮದ್ಲ ಬಿಚ್ಚಿ ಪೆಟ್ಟಿಗ್ಯಾಗ ಇಟ್ಟು ಕೀಲಿ ಹಾಕ್ತಿದ್ರು. ಹೊಲದಾಗ ಬೀಳೂದು ಹೊಲಿದ ಗುಂಡಿ, ಅಂದ್ರ ಸರ್ಕಾರಿ ಕೋಟು, ರೈಲ್ವೆ ಕೋಟು, ಮಿಲಿಟರಿ ಕೋಟು, ಆಮ್ಯಾಲಿನ ಕಾಲದ ಚಡ್ಡಿ ಪ್ಯಾಂಟು.

ಕಾಯ್ದೆದ ಮಾತೂ ಇಲ್ಲೇ ಮುಗಿಸಿಬಿಡ್ತೀನಿ. ಮಷಿನ್ ಹಿಡಕೊಂಡು ಲಕ್ಕುಂಡಿಗೋ, ಅಣ್ಣಿಗೇರಿ ಅಮೃತೇಶ್ವರ ಗುಡಿ ಕಡೆಗೋ ಹೋದ್ರಂದ್ರ ಪೊಲೀಸ್ರು ಒಯ್ತಾರ, ಒಯ್ಯಬೇಕು ಮತ್ತ. ಅವು ಸಂರಕ್ಷಿತ ಸ್ಮಾರಕ, ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ಸ್ವಂತ ಹೊಲ ಆದ್ರೂ, ನೆಲದಾಗ ನಿಧಿ ಸಿಕ್ರ ತಿಳಿಸಬೇಕು, ಕರ್ನಾಟಕದಾಗ ಅದಕ್ಕಂತ 1962ರ ನಿಧಿ ಕಾಯ್ದೆ ಐತಿ. ನೂರು ವರ್ಷ ದಾಟಿದ ವಸ್ತು 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು ಆಗಬಹುದು, ದೇಶದ ಹೊರಗ ಮಾರೂದಂತೂ ದೂರ ಉಳೀತು. ನಾ ಮಾರಂಗಿಲ್ಲ, ಮಾಮಾನ ಹೊಲ ಬಿಟ್ಟು ಕಾಲಿಡಂಗಿಲ್ಲ, ರೈಲ್ವೆ ಜಾಗಾದಾಗ ಬದು ದಾಟಂಗಿಲ್ಲ.

ಮಂದಿ ಅಂತೂ ನಂಬಂಗಿಲ್ಲ. 2010ರಾಗ ಅಣ್ಣಿಗೇರ್ಯಾಗ ಕಾಲುವಿ ಕೆಲಸದಾಗ ಸಾಲು ಸಾಲು ತಲಿಬುರಡಿ ಸಿಕ್ಕಿದ್ವು, ನೆನಪೈತಿಲ್ಲೋ, ಟಿವ್ಯಾಗೆಲ್ಲಾ ಬಂದಿತ್ತು. ಅದರಿಂದ ಯಾರರೆ ನೆಲ ಕೆದರಿದ್ರ ಒಂದು ಬುರಡಿ, ಇಲ್ಲಾ ನಿಧಿ, ಮೂರನೇದ್ದು ಇಲ್ಲ. "ಎಷ್ಟು ತೊಲಿ ಸಿಕ್ತ್ರಿ ಅಣ್ಣಾರ" ಅಂತ ಕೇಳ್ತಾರ, ನಾ ಅಂಗೈ ತಗದು ಗುಂಡಿ ತೋರಸ್ತೀನಿ, ಅವ್ರು ಗುಂಡಿ ನೋಡಿ, ನನ್ನ ಮಾರಿ ನೋಡಿ, ಮಷಿನ್ ರೇಟ್ ಕೇಳಿ, ಹಣಿ ಬಡಕೊಂಡು ಹೊಕ್ಕಾರ.

ಮಷಿನ್ ದನಿ ಬಗ್ಗೆ. ಏಸ್‌ನಾಗ ಕಬ್ಬಣಕ್ಕ ಕೆಳದನಿ, ತಾಮ್ರ ಬೆಳ್ಳಿ ನಾಣ್ಯಕ್ಕ ಗಂಟಿ ಬಾರಿಸಿದಂಗ ದನಿ, ನಡುವಿಂದೆಲ್ಲಾ ನಡುದನಿ. ಗುಂಡಿ ಬರೂದು ಹೆಚ್ಚಾಗಿ ನಡುವಿನ್ಯಾಗ. ನಡುವಿನ್ಯಾಗ ಇನ್ನೇನ್ ಬರ್ತೈತಿ ಅಂದ್ರ ಅಲ್ಯೂಮಿನಿಯಂ. ಗುಟ್ಕಾ ಚೀಟಿ! ನಮ್ಮ ಕಡೆ ಹೊಲದಾಗ ಬೀಜಕಿಂತ ಜಾಸ್ತಿ ಗುಟ್ಕಾ ಚೀಟಿ ಬಿತ್ತಾರ. ಆ ಚೀಟ್ಯಾಗಿನ ತೆಳ್ಳನ ಬೇಗಡಿ ಮಡಿಚಿಕೊಂಡು ಮಣ್ಣಾಗಿದ್ರ ಖರೇ ಗುಂಡಿ ಅನ್ನುವಂಗ ಕೂಗ್ತೈತಿ. ನಂದೊಂದು ಅಂದಾಜು ರೂಢಿ ಐತಿ, ಒಂದು ಕಡೆಯಿಂದ ಕಾಯಿಲ್ ಬೀಸಿ, ಆಮ್ಯಾಲೆ ಅಡ್ಡ ತಿರಗಿ ನಿಂತು ಬೀಸಿದ್ರ ಗುಂಡಿ ಎರಡೂ ಕಡೆ ಅದ ದನಿ ಕೊಡ್ತೈತಿ, ಚೀಟಿ ಒಂದು ಕಡೆ ತೊದಲ್ತೈತಿ. ಹತ್ತರಾಗ ಆರು ಸಲ ಖರೇ ಬರ್ತೈತಿ, ನಾಕು ಸಲ ಗುಟ್ಕಾ.

ಈಗ ನನಗ ಸಿಕ್ಕ ಒಂದು ಲಂಗರದ ಗುಂಡಿ ಕಥಿಗೆ ಬರ್ತೀನಿ.

ಎರಡನೇ ವರ್ಷ, ಮಾಮಾನ ಬೇವಿನ ಗಿಡದ ಬುಡಕ್ಕ, ನಾಕ ಇಂಚಿನಾಗ ಒಂದು ದುಂಡನ ಉಬ್ಬಿದ ಗುಂಡಿ ಸಿಕ್ತು, ಮ್ಯಾಲೆ ಹಗ್ಗ ಸುತ್ತಿದ ಹಡಗದ ಲಂಗರು. ಯಪ್ಪಾ, ಅವತ್ತ ರಾತ್ರಿ ನನಗ ನಿದ್ದಿ ಇಲ್ಲ. ಲಂಗರು ಅಂದ್ರ ನೌಕಾಪಡೆ, ಹಳೇದು ಅಂದ್ರ ಬ್ರಿಟಿಷ್ ನೌಕಾಪಡೆ, ಸಮುದ್ರ ಇಲ್ಲಿಂದ ಅದೆಷ್ಟೋ ದೂರ ಘಟ್ಟದ ಕೆಳಗ ಐತಿ, ಯಾವನೋ ಕಪ್ತಾನ ಕಾರವಾರದಾಗ ಇಳಿದು ಘಟ್ಟಾ ಹತ್ತಿ ಕುದರಿ ಮ್ಯಾಲೆ ಅಣ್ಣಿಗೇರಿಗೆ ಯಾಕ ಬಂದ, ಯಾರ್ನ ಹುಡುಕ್ಕೊಂತ ಬಂದ, ಬೇವಿನ ನೆಳ್ಳಾಗ ಯಾಕ ಕೋಟು ಬಿಚ್ಚಿದ, ಪೂರ್ತಿ ಕಥಿ ಕಟ್ಟಿಬಿಟ್ಟಿದ್ನಿ. ಮರುದಿನ ಹುಬ್ಬಳ್ಳಿ ಜವಳಿ ಸಾಲಿನ ಕಡೆ ಒಬ್ರು ಹಳೇ ಟೇಲರ್ ಕಾಕಾ ಅದಾರ, ಕೋಟು ಹೊಲಿಯಾವ್ರು, ಅವ್ರ ಹತ್ರ ಒಯ್ದ್ನಿ.

ಕಾಕಾರು ಗುಂಡಿ ಮುಂದಿನ ಕಡೆ ನೋಡಲೇ ಇಲ್ಲ. ಕೈಯಾಗ ತಗೊಂಡವ್ರ ಹೊರಳಿಸಿದ್ರು. ಚಷ್ಮಾ ಹಣಿ ಮ್ಯಾಲಿಂದ ಇಳಿಸಿ, ಅಂಚು ಉಗುರಲೆ ಕೆರದ್ರು, ಮೇಜಿನ ಮ್ಯಾಲಿನ ಅಯಸ್ಕಾಂತದ ಡಬ್ಬಿ, ಟಾಚಣಿ ಹಾಕ್ತಾರಲ್ಲ ಅದು, ಅದಕ್ಕ ಹಿಡದ್ರು. ಕೊಂಡಿ ಟಕ್ ಅಂತ ಹತ್ತಿತು.

"ತಗಡು ತೆಳ್ಳಗ ಐತಿ, ಅಂಚು ಮಡಚ್ಯಾರ, ಕೊಂಡಿ ಕಬ್ಬಣದ ತಂತಿ. ಹಿಂದ ಒಂದ ಅಕ್ಷರ ಇಲ್ಲ" ಅಂದ್ರು. "32 ಲೈನ್ ಗುಂಡಿ. ಇದು ನಾನ ಹಚ್ಚಿದ್ದು ಇರಬೇಕು ತಮ್ಮಾ."

"ಏನ್ರಿ ಕಾಕಾರ?"

"ಬ್ಯಾಂಡ್ ಕಂಪನಿ ಕೋಟಿಂದಲೋ ಇದು. ಕೆಂಪು ಕೋಟು, ಹಳದಿ ಪಟ್ಟಿ, ಈ ಲಂಗರದ ಗುಂಡಿ, ಡಜನ್ ಲೆಕ್ಕದಾಗ ತರತಿದ್ದೆ. ಲಂಗರು ಇಲ್ಲಾಂದ್ರ ಸಿಂಹ, ಯಾವುದು ಸಿಕ್ತೈತಿ ಅದು."

ಲೈನ್ ಅಂದ್ರೇನು ಅಂತ ಅವತ್ತ ಗೊತ್ತಾತು. ಗುಂಡಿ ಅಳತಿ, ಒಂದು ಇಂಚಿಗೆ 40 ಲೈನ್. ಅಂಗಿ ಗುಂಡಿ 18, ಕೋಟಿನ ತೋಳಿಗೆ 24, ಕೋಟಿನ ಮುಂದ 32. ಸಿಕ್ಕ ಗುಂಡಿ ಅಳದ್ರ ಅರ್ಧ ಕೆಲಸ ಆದಂಗ, ಕೋಟಿಂದೋ ಅಂಗಿದೋ ತೋಳಿಂದೋ ಅಂತ ಅಲ್ಲೇ ಗೊತ್ತಾಕ್ಕೈತಿ. ನಾ ಈಗ ಹೊಲಕ್ಕ ಹೋದ್ರ ಕಿಸೆದಾಗ ವರ್ನಿಯರ್ ಇಟ್ಕೊಂಡ ಹೊಕ್ಕೀನಿ, ಅಂಗಡ್ಯಾಗ ತಂತಿ ಗೇಜ್ ಅಳಿಯಾಕ ಇದ್ದದ್ದು.

ನಾ ಸಪ್ಪಗ ಆಗಿ ಮಾಮಾಗ ಫೋನ್ ಮಾಡಿ ಹಿಂಗಿಂಗ ಅಂತ ಹೇಳಿದ್ರ ಮಾಮಾ ಒಂದು ಗಳಿಗಿ ಸುಮ್ಮನಾದ. ಆಮ್ಯಾಲೆ, "ಅಳ್ಯಾ, ನನ್ನ ಮದಿವ್ಯಾಗ ಹುಬ್ಬಳ್ಳಿಂದ ಬ್ಯಾಂಡ್ ಕರಸಿದ್ವಿ, ಅವ್ರು ಊಟಕ್ಕ ಕುಂತಿದ್ದು ಆ ಬೇವಿನ ಬುಡಕ್ಕ" ಅಂದ. 1987ರ ಮಾತು. ಮುಂದಿನ ಐತವಾರ ಹೋದಾಗ ತೋರಸು ಅಂದ, ತೋರಸಿದ್ನಿ, ಕೈಯಾಗ ತಗೊಂಡ, ಅತ್ತಿಗೆ ತೋರಸ್ತೀನಿ ಅಂತ ಒಳಗ ಹೋದ. ಇವತ್ತಿನ ತನಕ ತಿರಗಿ ಕೊಟ್ಟಿಲ್ಲ.

ಅಲ್ಲಿಂದ ನಾ ಗುಂಡಿ ಸಿಕ್ರ ಮದ್ಲ ಹೊರಳಸ್ತೀನಿ. ಮುಂದಿನ ಕಡೆ ಸಿಂಹ ಇರ್ಲಿ ಕಿರೀಟ ಇರ್ಲಿ, ಅದು ಹೇಳಿದ್ದು ಎಲ್ಲಾ ನಂಬಾಕ ಬರಂಗಿಲ್ಲ. ಹಿಂದಿನ ಕಡೆ ಕಾರಖಾನಿದು, ಬಾಯಿ ಬಿಟ್ಟು ಖರೇ ಹೇಳತೈತಿ.

ಹಳೇ ಗುಂಡಿ, ಅಂದ್ರ ಹದಿನೆಂಟು ಹತ್ತೊಂಬತ್ತನೇ ಶತಮಾನದ್ದು, ಹಲವು ಒಂದ ತುಂಡು ಚಪ್ಪಟಿ ಬಿಲ್ಲಿ ಇರ್ತಾವ, ಹಿಂದ ತಂತಿ ಕೊಂಡಿ ಬೆಸದಿರ್ತಾರ. ಬೆಸುಗಿ ನನ್ನ ಕಸುಬಿನ ಮಾತು, ಹಂಗಾಗಿ ಅದನ್ನ ನಾ ಭಾಳ ಹೊತ್ತು ನೋಡ್ಕೊಂತ ಕುಂದರ್ತೀನಿ. ಕೆಲವು ಕೊಂಡ್ಯಾಗ ತಂತಿ ಎರಡೂ ತುದಿ ಒಂದರ ಮ್ಯಾಲೊಂದು ಹಾದು ಹುಡುಗೂರು ಬರಿಯೋ ಮೀನದ ಬಾಲದಂಗ ಇರ್ತೈತಿ, ಕೆಲವರಾಗ ತುದಿ ಎರಡೂ ಹೊರಗ ಬಾಗಿ, ಕಾಲು ಅಗಲಿಸಿ ನಿಂತಂಗ, ನಮ್ಮ ಗ ಅಕ್ಷರದಂಗ ಕಾಣತೈತಿ. ಅವ್ವ ತಿಕ್ಕಿದ್ದು ಈ ಗ ಕಾಲಿಂದು. ಅದರ ಮ್ಯಾಗಿನ ಟ್ರೆಬಲ್ ಗಿಲ್ಟ್ ಅನ್ನೋ ಅಕ್ಷರ ಅಂಗಡಿಯವ್ರ ಬಡಾಯಿ, ಮೂರು ಪಟ್ಟು ಬಂಗಾರ ಅಂತ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರು ಗುಂಡಿ ಮಾಡೂದರಾಗ ಆವಾಗ ದುನಿಯಾಕ್ಕ ಹೆಸರಾಗಿತ್ತು, ಬಂಗಾರನ್ನ ಪಾದರಸದಾಗ ಕಲಸಿ ಗುಂಡಿಗೆ ಹಚ್ಚಿ ಕಾಸತಿದ್ರು, ಪಾದರಸ ಹೊಗಿ ಆಗಿ ಹೋಗಿ ಬಂಗಾರ ಉಳಿತಿತ್ತು, ಆ ಹೊಗಿ ಕುಡದವ್ರ ಗತಿ ಕೇಳಬ್ಯಾಡ್ರಿ. ಸುಳ್ಳು ಬಡಾಯಿ ಎಷ್ಟಾತಂದ್ರ 1796ರಾಗ ಅದಕ್ಕ ಕಾಯ್ದೆ ಮಾಡಿದ್ರು: ಒಂದು ಇಂಚಿನ 144 ಗುಂಡಿಗೆ 5 ಗ್ರೇನ್ ಬಂಗಾರ ಇದ್ರ ಗಿಲ್ಟ್ ಅನ್ನಬಹುದು, 10 ಗ್ರೇನ್ ಇದ್ರ ಡಬಲ್ ಗಿಲ್ಟ್. 5 ಗ್ರೇನ್ ಅಂದ್ರ ಒಂದು ಗ್ರಾಮಿನ ಮೂರರಾಗ ಒಂದು ಪಾಲು. ಅದನ್ನ 144 ಗುಂಡಿಗೆ ಹಂಚಿದ್ರ ಒಂದೊಂದಕ್ಕ ಎರಡು ಮಿಲಿಗ್ರಾಂ ಚಿಲ್ಲರ. ನಮ್ಮವ್ವ ಬಚ್ಚಲಕ್ಕ ಬಿಟ್ಟದ್ದು ಅಂದಾಜು ಅದರ ಎರಡೋ ಮೂರೋ ಪಟ್ಟು, ಸಾಸಿವಿ ಕಾಳಿನಷ್ಟೂ ಅಲ್ಲ. ಬೇಕಂದ್ರ ಅದನ್ನ ಹೇಳಿ ಸಮಾಧಾನ ಮಾಡ್ಕೊಬಹುದು. 1840ರ ಸುಮಾರಿಗೆ ಬರ್ಮಿಂಗ್‌ಹ್ಯಾಮ್‌ನಾಗ ಕರೆಂಟಿಲೆ ಬಂಗಾರ ಲೇಪ ಹಾಕೂದು ಪೇಟೆಂಟ್ ಆತು, ಆಮ್ಯಾಲೆ ಪಾದರಸದ ಗಿರಾಕಿ ಕಡಿಮಿ ಆದ್ವು.

ಒಂದ ತುಂಡಿಂದ ಎರಡು ತುಂಡಿಗೆ ಬಂದದ್ದು ಇನ್ನೊಂದು ಗುರುತು. 1813ರಾಗ ಬೆಂಜಮಿನ್ ಸ್ಯಾಂಡರ್ಸ್ ಅನ್ನಾವ ಮುಂದಿನ ತಗಡನ್ನ ಹಿಂದಿನ ತಗಡಿನ ಅಂಚಿಗೆ ಮಡಚಿ ಕಚ್ಚಸೂದು ತಗದ, ಒಳಗ ಟೊಳ್ಳು. 1825ರಾಗ ಅವನ ಮಗಾ ತಂತಿ ಕೊಂಡಿ ಬದಲಿಗೆ ಮೆತ್ತನ ಬಟ್ಟಿ ಕೊಂಡಿ ಹಾಕಿದ. ಬಟ್ಟಿ ಕೊಂಡಿ ಎರಿ ಮಣ್ಣಾಗ ಎಲ್ಲಿ ಉಳೀತೈತ್ರಿ, ಹಿಂದ ತೂತು ಇರೋ ಟೊಳ್ಳು ಗುಂಡಿ ಸಿಕ್ರ ಕೊಂಡಿ ಮುರದೈತಿ ಅಂತ ಒಗಿಬ್ಯಾಡ್ರಿ, ಅದು ಹಂಗ ಇದ್ದದ್ದ ಇರಬಹುದು. ನಾ ಒಂದು ಒಗದೇನಿ, ಅದಕ್ಕ ಹೇಳಾಕತ್ತೇನಿ.

ಅಲ್ಯೂಮಿನಿಯಂ ಗುಂಡಿ ಇದ್ರ ಮನಸ್ಸಿಗೆ ಹಚ್ಕೊಬ್ಯಾಡ್ರಿ, 1886ಕ್ಕಿಂತ ಮದ್ಲ ಅಲ್ಯೂಮಿನಿಯಂ ಭಾಳ ದುಬಾರಿ ಮಾಲು, ಗುಂಡಿ ಮಾಡಿ ಹೊಲದಾಗ ಒಗಿಯುವಷ್ಟು ಅಗ್ಗ ಆಗಿದ್ದು ಆಮ್ಯಾಲೆ. ನಾಕು ತೂತಿನ ಪ್ಯಾಂಟ್ ಗುಂಡಿ ರಾಶಿ ಸಿಗ್ತಾವ, ಸುತ್ತ ಬೆಸ್ಟ್ ರಿಂಗ್ ಎಡ್ಜ್ ಅಂತನೋ ಇನ್ನೇನೋ ಹೊಡದಿರ್ತಾರ. ಓದಿ ಡಬ್ಬ್ಯಾಗ ಹಾಕೂದು.

ಕಿರೀಟದ ಗುಂಡಿ ಮಾತ್ರ ನನಗ ಇನ್ನೊಂದು ಸಲ ಪಾಠ ಕಲಿಸಿತು. ಹೋದ ವರ್ಷ ಬಾವಿ ಕಡೆ ಸಿಕ್ಕಿದ್ದು. ದೊಡ್ಡದು, ದಪ್ಪ ಹಿತ್ತಾಳಿ, ಮುಂದ ಬ್ರಿಟಿಷ್ ರಾಜಲಾಂಛನ, ಒಂದು ಕಡೆ ಸಿಂಹ ಒಂದು ಕಡೆ ಒಂಟಿಕೋಡಿನ ಕುದರಿ, ನಡುವ ಕಿರೀಟ. ಈಗ ನೀವ ಹೇಳ್ರಿ, ಅಣ್ಣಿಗೇರಿಂದ ನರಗುಂದ ಎಷ್ಟು ದೂರ? 1858ರಾಗ ನರಗುಂದದ ಬಾಬಾಸಾಹೇಬ ಬಂಡಾಯ ಎದ್ದು ಸುರೇಬಾನದಾಗ ಮ್ಯಾನ್ಸನ್ ಅನ್ನೋ ಅಧಿಕಾರಿನ್ನ ಕೊಂದದ್ದು ನಮ್ಮ ಕಡೆ ಸಣ್ಣ ಹುಡುಗೂರಿಗೂ ಗೊತ್ತು. ಆ ಗದ್ದಲದಾಗ ಬಂದ ಸೋಜರಂದೋ ಏನೋ ಅಂತ ನನ್ನ ಎದಿ ಡವಡವ ಅಂತು. ಲಂಗರದ ಪೆಟ್ಟು ತಿಂದಿದ್ದೆಲ್ಲಾ, ಕೈ ತಾನ ಹೊರಳಿಸ್ತು.

ಹಿಂದ ಅಕ್ಷರ ಸ್ಪಷ್ಟ: ಬಟನ್ಸ್ ಲಿಮಿಟೆಡ್, ಬರ್ಮಿಂಗ್‌ಹ್ಯಾಮ್.

ಆ ಕಂಪನಿ ಹುಟ್ಟಿದ್ದು 1907ರಾಗ. ಮುಗೀತು, ಅರ್ಧ ಶತಮಾನ ಹಾರಿ ಹೋತು. ಆಮ್ಯಾಲೆ ಮುಂದಿನ ಕಡೆನೂ ನೆಟ್ಟಗ ನೋಡಿದ್ರ ಅದೂ ಅದನ್ನ ಹೇಳಾಕತ್ತಿತ್ತು, ನಾನ ಕೇಳಿರಲಿಲ್ಲ. ಬ್ರಿಟಿಷ್ ಸೈನ್ಯದಾಗ 1767ರಿಂದ ರೆಜಿಮೆಂಟಿನ ನಂಬರ್ ಗುಂಡಿ ಮ್ಯಾಲೆ ಇರ್ತಿತ್ತು. 1871ರಾಗ ಸಾದಾ ಸಿಪಾಯಿಗಳಿಗೆ ಅದನ್ನ ತಗದು ಎಲ್ಲಾರಿಗೂ ಒಂದ ರಾಜಲಾಂಛನದ ಗುಂಡಿ ಮಾಡಿದ್ರು. ನಂಬರ್ ಇಲ್ಲಾಂದ್ರ 1858ಕ್ಕ ಹ್ಯಾಂಗ ಹೊಕ್ಕೈತಿ? ಕಿರೀಟದ ಕಮಾನೂ ಹಂಗ. ವಿಕ್ಟೋರಿಯಾ ರಾಣಿ ಕಾಲದ ಕಿರೀಟದ ಕಮಾನು ನಡುವ ತಗ್ಗಿರ್ತಾವ, 1901ರ ಮ್ಯಾಲೆ ರಾಜ ಬಂದಾಗಿಂದ ಕಮಾನು ಗುಮ್ಮಟದಂಗ ದುಂಡಗ ಮ್ಯಾಲೆ ಏರಿರ್ತಾವ. ನಂದು ಗುಮ್ಮಟ.

ಹಂಗಾದ್ರ ಸೋಜರ ಇಲ್ಲಿ ಯಾಕ ಬಂದಿದ್ದ ಅಂದ್ರ, ಬಂದೇ ಇಲ್ಲ. ಮಾಮಾನ ಹತ್ರ ಕುಂತು ಚಾ ಕುಡ್ಯಾಗ ಗುಂಡಿ ಮುಂದ ಇಟ್ನಿ, ಮಾಮಾ ಹೊರಳಸಲಿಲ್ಲ ಏನಿಲ್ಲ, "ನಿಮ್ಮ ಮುತ್ತ್ಯಾನ ಮಿಲಿಟರಿ ಕೋಟಿಂದು" ಅಂದ. ಯುದ್ಧ ಮುಗಿದಮ್ಯಾಲೆ ಸಂತ್ಯಾಗ ಹಳೇ ಮಿಲಿಟರಿ ಕೋಟು ರಾಶಿ ಹಾಕಿ ಮಾರತಿದ್ರಂತ, ದಪ್ಪನ ಉಣ್ಣಿ ಕೋಟು, ಮುತ್ತ್ಯಾ ಒಂದು ತಂದು ಇಪ್ಪತ್ತು ವರ್ಷ ಚಳಿಗಾಲದಾಗ ಸೀತನಿ ಜ್ವಾಳ ಕಾಯಾಕ ರಾತ್ರಿ ಹಾಕ್ಕೊಂಡು ಮಲಗತಿದ್ದನಂತ. ಮುತ್ತ್ಯಾ ಸೋಜರನೂ ಅಲ್ಲ, ಬಂಡಾಯದವನೂ ಅಲ್ಲ. ಹಂದಿ ಹೊಡ್ಯಾಕ ಡಬ್ಬಿ ಬಾರಿಸ್ಕೊಂತ ಕುಂತಾವ. ಗುಂಡಿ ಯಾವಾಗ ಹುಟ್ಟಿತು ಅಂತ ಕಾರಖಾನಿ ಹೇಳಿತು, ಯಾರ ಎದಿ ಮ್ಯಾಲಿತ್ತು ಅಂತ ಮಾಮಾ ಹೇಳಬೇಕಾತು.

ನನ್ನ ಡಬ್ಬ್ಯಾಗ ನನಗ ಎಲ್ಲಾಕ್ಕಿಂತ ಮನಸ್ಸಿನ್ಯಾಗ ಕುಂತದ್ದು ಮಾತ್ರ ರೈಲ್ವೆದ್ದು. ಬದುವಿನ ಒಳಗ ಸಿಕ್ಕಿದ್ದು, ಸಣ್ಣದು, 24 ಲೈನ್, ಅಂದ್ರ ತೋಳಿಂದು. ಮುಂದ ಇಂಗ್ಲಿಷ್ ಅಕ್ಷರ, ಎಂ ಆ್ಯಂಡ್ ಎಸ್ ಎಂ ಆರ್. ಹುಬ್ಬಳ್ಳಿ ಹಳೇ ಮಂದಿ ಇನ್ನೂ ಎಂಎಸ್ಎಂ ಅಂತಾರ, ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆ. ಇದರ ವಯಸ್ಸು ತಗ್ಯಾಕ ಹಿಂದಿನ ಕಡೆನೂ ಬೇಕಾಗಲಿಲ್ಲ, ಹೆಸರ ಸಾಕು. 1882ರಾಗ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, ನಮ್ಮ ಹುಬ್ಬಳ್ಳಿ ವರ್ಕ್‌ಶಾಪ್ ಆ ಕಂಪನೀದ. ಮದ್ರಾಸ್ ಅನ್ನೋದು ಹೆಸರಿಗೆ ಹತ್ತಿದ್ದು 1908ರಾಗ, ಮದ್ರಾಸ್ ರೈಲ್ವೆ ಜೋಡಿ ಕೂಡಿದಾಗ. 1951ರ ಏಪ್ರಿಲ್‌ನಾಗ ಎಂಎಸ್ಎಂ ಹೋಗಿ ಸದರ್ನ್ ರೈಲ್ವೆ ಆತು. ಈಗಿನ ನೈಋತ್ಯ ರೈಲ್ವೆ 2003ರದ್ದು. ಅಂದ್ರ ನನ್ನ ಗುಂಡಿ 1908 ಮತ್ತ 1951ರ ನಡುವಿಂದು, ಹಿಂದೂ ಇಲ್ಲ ಮುಂದೂ ಇಲ್ಲ. ಒಳಗಿನ ಕೊಂಡಿ ಒಂದು ಕಡೆ ಸವದು ತಂತಿ ಕೂದಲಿನಷ್ಟು ತೆಳ್ಳಗಾಗೇತಿ, ದಾರ ಎಳದು ಎಳದು. ಯಾರೋ ಗ್ಯಾಂಗ್‌ನಾಗಿನವರೋ, ಗಾರ್ಡೋ, ಎಷ್ಟು ವರ್ಷ ಆ ತೋಳು ಅತ್ತಿತ್ತ ಬೀಸಿದಾರೋ. ಅಂಗಡ್ಯಾಗ ಬೇರಿಂಗ್ ಸವದಿದ್ದು ನೋಡಿ ಮೋಟಾರ್ ಎಷ್ಟು ತಾಸು ಓಡೇತಿ ಅಂತ ಹೇಳ್ತೀನಿ ನಾ, ಇದಕ್ಕೂ ಹಂಗ ಹೇಳಬೇಕು ಅನಸ್ತೈತಿ.

ನಮ್ಮ ಓಣ್ಯಾಗ ವರ್ಕ್‌ಶಾಪಿನಿಂದ ರಿಟೈರ್ ಆದ ಅಜ್ಜಾರು ಒಬ್ರು ಅದಾರ, ಅವ್ರ ತಂದಿನೂ ಅಲ್ಲೇ ಇದ್ರಂತ. ತೋರಸಿದ್ನಿ. ಹೆಬ್ಬಟ್ಟಿಲೆ ಅಕ್ಷರ ಸವರಿದ್ರು, ಕಣ್ಣಿಗೆ ಹತ್ರ ಹಿಡದ್ರು, "ನಮ್ಮಪ್ಪ ಗುಂಡಿ ಕಳಕೊಂಡ್ರ ನಮ್ಮವ್ವನ್ನ ಬೈತಿದ್ದ" ಅಂದ್ರು, ಮತ್ತೇನೂ ಅನಲಿಲ್ಲ, ತಿರಗಿ ಕೊಟ್ರು. ಅವ್ರು ತಿರಗಿ ಕೊಡ್ತಾರ, ಮಾಮಾನಂಗಲ್ಲ.

ತೊಳಿಯೂದರ ಬಗ್ಗೆ ಇಷ್ಟು ಆದಮ್ಯಾಲೆ ಹೇಳಲೇಬೇಕು. ಮಣ್ಣು ಹಸಿ ಇದ್ದಾಗ ಹೊಲದಾಗ ಒರಸಬ್ಯಾಡ್ರಿ, ಎರಿ ಮಣ್ಣಾಗ ಸಣ್ಣ ಸಣ್ಣ ಸುಣ್ಣದ ಹಳ್ಳು ಇರ್ತಾವ, ಬೆರಳಲೆ ತಿಕ್ಕಿದ್ರ ಉಪ್ಪುಕಾಗದ ಹಚ್ಚಿದಂಗ. ಹಂಗ ಡಬ್ಬ್ಯಾಗ ಹತ್ತಿ ಹಾಸಿ ಇಟ್ಟು ತರ್ರಿ, ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್‌ನಾಗ ನೆನಿ ಹಾಕ್ರಿ, ನಮ್ಮ ಬೋರಿನ ನೀರು ಬ್ಯಾಡ, ಅದರಾಗಿನ ಉಪ್ಪ ಸಾಕು ಹಾಳು ಮಾಡಾಕ. ಹಲ್ಲುಕಡ್ಡಿ ತುದೀಲೆ ಮೆಲ್ಲಕ ಬಿಡಸ್ರಿ. ಹಸರ ಬಣ್ಣ ನುಣ್ಣಗ ಗಟ್ಟಿ ಇದ್ರ ಅದು ಗುಂಡಿ ಚರ್ಮ ಅಂತ ತಿಳಕೊಂಡು ಬಿಡ್ರಿ. ಬಂಗಾರದ ಲೇಪ ಅನ್ನೂದು ಮಣ್ಣಾಗ ಇದ್ದ ಗುಂಡಿ ಮ್ಯಾಲೆ ಹಿತ್ತಾಳಿಗೆ ಹತ್ತಿರಂಗಿಲ್ಲ, ಕೆಳಗಿನ ಕಿಲುಬಿನ ಮ್ಯಾಲೆ ತೇಲಾಕತ್ತಿರ್ತೈತಿ, ಹುಳಿ ಬಿದ್ರ ಕಿಲುಬು ಕರಗಿ ಅದರ ಜೋಡಿ ಬಂಗಾರನೂ ಎದ್ದು ಹೊಕ್ಕೈತಿ. ಇದನ್ನ ಅವ್ವಗೂ ವಿವರಿಸಿ ಹೇಳಿದ್ನಿ. ಪೂರ್ತಿ ಕೇಳಿದ್ಲು. "ಹಂಗಾದ್ರ ಆ ಬಟ್ಟಲ ನನ್ನ ಮೊಸರಿನ ಬಟ್ಟಲ, ಅದರಾಗ ಮಣ್ಣಿಂದು ಯಾಕ ಹಾಕಿದಿ" ಅಂದ್ಲು. ಇದಕ್ಕ ನನ್ನ ಹತ್ರ ಉತ್ತರ ಇರಲಿಲ್ಲ.

ಈಗ ಡಬ್ಬ್ಯಾಗ 23 ಅದಾವ. ಅವ್ವ ತಿಕ್ಕಿದ್ದೂ ಸೇರಿ, ಲಂಗರದ್ದು ಬಿಟ್ಟು.

ನಿನ್ನೆ ರಾತ್ರಿ ಮಾಮಾ ಫೋನ್ ಮಾಡಿದ್ದ. ಮಳಿ ಛಲೋ ಆಗೇತಿ, ಹೆಸರು ಬಿತ್ತಾಕ ಟ್ರ್ಯಾಕ್ಟರ್ ಹೇಳೇನಿ, ಇನ್ನ ಹೊಲದಾಗ ಕಾಲಿಟ್ಟಿ ಅಂದ್ರ ಕಾಲು ಮುರೀತೀನಿ ನೋಡ ಅಳ್ಯಾ, ಹೆಸರು ಕಿತ್ತಮ್ಯಾಲೆ ಗಣಪತಿ ಹಬ್ಬದ ಹೊತ್ತಿಗೆ ಬಾ ಅಂದ. ಕಡ್ಲಿ ಬಿತ್ತೋಕಿಂತ ಮದ್ಲ ಒಂದು ಎಂಟು ದಿನ ಸಿಕ್ಕಾವ ಅಂತ ನಾನೂ ಹೂಂ ಅಂದ್ನಿ.

"ಬರುವಾಗ ಆ ರೈಲ್ವೆ ಗುಂಡಿ ತಗೊಂಡ ಬಾ, ನಿಮ್ಮತ್ತಿ ನೋಡಿಲ್ಲಂತ" ಅಂದ.

"ಲಂಗರದ್ದು ಕೊಟ್ರ ತರ್ತೀನಿ ಮಾಮಾ" ಅಂದ್ನಿ.

"ಅದನ್ನೊಂದ ಕೇಳಬ್ಯಾಡ" ಅಂದ, ಫೋನ್ ಇಟ್ಟ.